ಗೋಡೆಯ ಮೇಲಿನ ಕೆಂಪು ತಿಗಣೆ, ಪಕ್ಕದ ಮನೆಯ ರೇಷ್ಮೆ ಹುಳ

ಇಂದಿನ ಧಮ್ಮ ಚಿಂತನೆ
ವಿಷಯ: ಮೊದಲನೆಯ ಶೀಲ ಮತ್ತು ಮನೆಯೊಳಗೆ ಬರುವ ಹುಳುಹುಪ್ಪಟೆ



ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ನಮ್ಮ ಬಳಗದ ಹಿರಿಯ ಉಪಾಸಿಕೆಯೊಬ್ಬರು ನನ್ನ ಕೈಗೆ ಫೋನ್ ಕೊಟ್ಟರು. ಅವರ ಮಗಳ ಸಂಸಾರ ಅಮೆರಿಕದ ಮಿನ್ನೆಸೋಟಾದಲ್ಲಿದೆ. ಆಕೆ ಕಳಿಸಿದ್ದ ಫೋಟೋದಲ್ಲಿ ಮನೆಯ ಬಿಸಿಲು ಬೀಳುವ ಗೋಡೆಯ ತುಂಬ ಕಪ್ಪು ಮೈಗೆ ಕೆಂಪು ಗೆರೆ ಎಳೆದಂಥ ಹುಳಗಳು. ಅಲ್ಲಿ ಅದಕ್ಕೆ ಬಾಕ್ಸ್ ಎಲ್ಡರ್ ಬಗ್ ಅನ್ನುತ್ತಾರಂತೆ. ಚಳಿ ಶುರುವಾಗುವ ಹೊತ್ತಿಗೆ ಗೋಡೆಗೆ ಮುತ್ತಿ, ಸಂದುಗೊಂದಿನಲ್ಲಿ ನುಗ್ಗಿ ಒಳಗೆ ಸೇರಿಕೊಳ್ಳುತ್ತವೆ. "ಮಗಳು ಕೇಳ್ತಾವ್ಳೆ ಟೀಚರಮ್ಮ, ಇವನ್ನ ಸಾಯಿಸಿದ್ರೆ ಶೀಲ ಮುರೀತದಾ ಅಂತ. ನೀವೇ ಒಂದು ಮಾತು ಹೇಳಿ" ಎಂದರು.

ನಾನು ಆಗ ಏನೂ ಹೇಳಲಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ. ಟೀ ಲೋಟ ಹಿಡಿದು ಹೇಳುವಂಥದ್ದಲ್ಲ ಅದು. ಅದಕ್ಕೆ ಇವತ್ತು ಬರೆಯುತ್ತಿದ್ದೇನೆ.

ಆ ಹುಳದ ದಾಯಾದಿಗಳು ನಮ್ಮ ತೂಬಗೆರೆಯಲ್ಲೂ ಇವೆ. ನಮ್ಮ ಮನೆಯ ಹಿತ್ತಿಲ ಬೇಲಿಗೆ ಅಗ್ನಿಬಳ್ಳಿ ಹಬ್ಬಿದೆ. ಹೆಸರು ಗೊತ್ತಿಲ್ಲದವರಿಗೂ ಕಾಯಿ ಗೊತ್ತಿರುತ್ತದೆ: ಉಬ್ಬಿದ ಬಲೂನಿನಂಥ ಹಸಿರು ಕಾಯಿ, ಮಕ್ಕಳು ಹಣೆಗೆ ಒತ್ತಿ ಟಪ್ ಅನ್ನಿಸುತ್ತಾರೆ. ಒಳಗೆ ಕರೀ ಬೀಜ, ಬೀಜದ ಮೇಲೆ ಬಿಳಿಯ ಹೃದಯದ ಗುರುತು. ಅಗ್ನಿಬಳ್ಳಿ, ತಲೆ ಉಜ್ಜುವ ಅಂಟುವಾಳ, ಅಮೆರಿಕದ ಆ ಬಾಕ್ಸ್ ಎಲ್ಡರ್ ಮರ, ಮೂರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಕುಟುಂಬ. ಆ ಕುಟುಂಬದ ಬೀಜದ ರಸ ಹೀರಿ ಬದುಕುವ ಕೆಂಪು ತಿಗಣೆಗಳೂ ಒಂದಕ್ಕೊಂದು ನೆಂಟರು. ಬೆಂಡೆ, ಹತ್ತಿ ಗಿಡದಲ್ಲಿ ಕಾಣುವ ಕೆಂಪು ತಿಗಣೆ ಬೇರೆ. ಅದರ ಹೊಟ್ಟೆಯ ಅಡಿಯಲ್ಲಿ ಬಿಳಿ ಪಟ್ಟೆಗಳಿರುತ್ತವೆ.

ಕನ್ನಡದಲ್ಲಿ ಒಂದು ತೊಂದರೆ ಇದೆ. ತಿಗಣೆ ಅಂದ ತಕ್ಷಣ ನಮಗೆ ಹಾಸಿಗೆಯ ತಿಗಣೆ ನೆನಪಾಗಿ ಮೈ ಕೆರೆಯುತ್ತದೆ. ಈ ಕೆಂಪು ತಿಗಣೆ ರಕ್ತ ಹೀರುವುದಿಲ್ಲ, ಮನೆಯೊಳಗೆ ಮೊಟ್ಟೆಯಿಟ್ಟು ಸಂಸಾರ ಹೂಡುವುದಿಲ್ಲ, ಅಕ್ಕಿ ಬೇಳೆ ಮುಟ್ಟುವುದಿಲ್ಲ. ಹೊಸಕಿದರೆ ಕೆಟ್ಟ ವಾಸನೆ ಬರುತ್ತದೆ, ಬಿಳೀ ಬಟ್ಟೆ, ಪರದೆಯ ಮೇಲೆ ಕಲೆ ಮಾಡುತ್ತದೆ. ಅದರ ಅಪರಾಧ ಅಷ್ಟೆ. ನಂದಿ ಬೆಟ್ಟದ ಕಡೆಯ ಮಾಗಿ ಚಳಿ ನಿಮಗೆಲ್ಲ ಗೊತ್ತು. ಬೀಜ ಒಣಗಿ ಉದುರುವ ಆ ದಿನಗಳಲ್ಲಿ ಬೆಳಗಿನ ಬಿಸಿಲು ಬೀಳುವ ನಮ್ಮ ಹಿಂದಿನ ಗೋಡೆಗೆ ಅವು ಬಂದು ಗುಂಪಾಗಿ ಮೈ ಕಾಯಿಸಿಕೊಳ್ಳುತ್ತವೆ. ಅಲ್ಲಿಂದ ಬಾಗಿಲ ಸಂದಿನಲ್ಲಿ ಅಡುಗೆಮನೆಗೆ.

ಎರಡು ವರ್ಷದ ಹಿಂದೆ ಹೀಗೇ ಬಂದಿದ್ದವು. ನನ್ನ ತಮ್ಮ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಕೂಲಿಗೆ ಹೋಗುತ್ತಾನೆ. ಮೂಗಿಗೆ ಒಂದು ಟವೆಲ್ಲು, ಬರಿಗಾಲು. ತೋಟದಲ್ಲಿ ಉಳಿದ ಬಾಟಲಿಯನ್ನು ಅವನು ಮನೆಗೆ ತಂದಿಟ್ಟಿದ್ದ. ವಿಷ ನಮ್ಮ ಕೇರಿಗೆ ಬರುವುದು ಸಾಮಾನ್ಯವಾಗಿ ಇದೇ ದಾರಿಯಲ್ಲಿ, ಕೂಲಿಯ ಜೊತೆ ಪುಕ್ಕಟೆಯಾಗಿ. ಚೀಟಿ ಹರಿದುಹೋಗಿತ್ತು. ಹೆಸರಿರಲಿಲ್ಲ, ಹಳದಿ ತ್ರಿಕೋನ ಮಾತ್ರ ಉಳಿದಿತ್ತು. ಕೀಟನಾಶಕದ ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣದ ಗುರುತುಗಳಿವೆ, ಕೆಂಪು ಅತಿ ವಿಷ, ಹಳದಿ ಅದರ ನಂತರದ್ದು ಎಂದು ತರಗತಿಯಲ್ಲಿ ಪಾಠ ಮಾಡಿದವಳು ನಾನು. ಆದರೂ ಒಂದು ಮುಚ್ಚಳ ಬಕೆಟ್ಟಿಗೆ ಹಾಕಿ, ಕೈಪಂಪಿನಲ್ಲಿ ಗೋಡೆಗೆಲ್ಲ ಹೊಡೆದೆ. ಹತ್ತು ನಿಮಿಷದಲ್ಲಿ ತಿಗಣೆಗಳು ಉದುರಿದವು. ಗುಡಿಸಿ ಎಸೆದು ಸ್ಕೂಲಿಗೆ ಹೋದೆ.

ಹಿತ್ತಿಲ ಗೋಡೆಯ ಆಚೆ ಪಕ್ಕದ ಮನೆ ಅಕ್ಕನದು. ಅವರು ಹುಳ ಸಾಕುತ್ತಾರೆ. ಸಂಘದಲ್ಲಿ ಸಾಲ ತೆಗೆದು ಆ ಸಲ 50 ಮೊಟ್ಟೆ ಮೇಯಿಸಿದ್ದರು. ನಾಲ್ಕನೇ ಜ್ವರ ಎದ್ದ ಹುಳ. ಗೂಡು ಕಟ್ಟುವ ಮುಂಚಿನ ಆ ಏಳೆಂಟು ದಿನದಲ್ಲಿ ಅವು ತಮ್ಮ ಇಡೀ ಆಯುಸ್ಸಿನ ಬಹುಪಾಲು ಸೊಪ್ಪನ್ನು ತಿನ್ನುತ್ತವೆ ಎನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅಕ್ಕ ಹಿಪ್ಪುನೇರಳೆ ಸೊಪ್ಪನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಅದೇ ಗೋಡೆಯ ಆಚೆ ನೆರಳಿಗೆ ಇಟ್ಟಿದ್ದರು. ನಾನು ಹೊಡೆದದ್ದು ಗಾಳಿಯಲ್ಲಿ ಹಾರಿ ಅದರ ಮೇಲೆ ಕೂತಿತ್ತು. ರೇಷ್ಮೆ ಹುಳ ಎಷ್ಟು ಸೂಕ್ಷ್ಮ ಎಂದರೆ, ಸಾಕುವ ಮನೆಯಲ್ಲಿ ಸೊಳ್ಳೆ ಬತ್ತಿ ಕೂಡ ಹಚ್ಚಬಾರದು. ಸಂಜೆ ಆ ಸೊಪ್ಪು ಹಾಕಿದ್ದಾರೆ. ಬೆಳಗ್ಗೆ ಹುಳಗಳು ತಲೆ ಆಡಿಸುತ್ತ, ಹಸಿರು ನೀರು ಕಾರುತ್ತ, ಕುಗ್ಗಿ ಬಿದ್ದಿದ್ದವು. ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟಷ್ಟು, ನಾನೂರಕ್ಕೂ ಹೆಚ್ಚು. ನೀವೇ ಗುಣಿಸಿ.

ಅಕ್ಕ ಜಗಳವಾಡಲಿಲ್ಲ. "ಏನ್ ಹೊಡೆದ್ರಿ ಟೀಚರಮ್ಮ?" ಎಂದು ಕೇಳಿದರು. ನಾನು "ಔಷಧಿ ಅಕ್ಕ, ತಿಗಣೆಗೆ" ಎಂದೆ. ಆ ಮಾತು ಬಾಯಿಂದ ಬಿದ್ದಾಗಲೇ ನನಗೆ ನಾಚಿಕೆಯಾಯಿತು. ನಮ್ಮ ಸೀಮೆಯಲ್ಲಿ ಕಾಯಿಲೆಗೆ ಕುಡಿಯುವುದೂ ಔಷಧಿ, ಹುಳ ಸಾಯಿಸಲು ಹೊಡೆಯುವುದೂ ಔಷಧಿ. ಕನ್ನಡ ಎಂ.ಎ. ಓದಿದವಳು ಅಷ್ಟು ವರ್ಷ ಈ ಪದವನ್ನು ಹೀಗೇ ಬಳಸುತ್ತಿದ್ದೆ. ಸಮ್ಮಾವಾಚಾ ಎಂದು ಪಾಠ ಮಾಡುವ ನಾವು ಮೊದಲು ಇದನ್ನು ವಿಷ ಎಂದು ಕರೆಯಬೇಕು. ಹೆಸರು ಔಷಧಿ ಎಂದಿರುವವರೆಗೆ ಆ ಬಾಟಲಿ ಅಡುಗೆಮನೆಯ ಮೂಲೆಯಲ್ಲಿ, ಎಣ್ಣೆ ಡಬ್ಬದ ಪಕ್ಕದಲ್ಲಿ ಕೂತಿರುತ್ತದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತದ್ದು ನೆನಪಿದೆಯಲ್ಲ? ಅಡುಗೆ ಎಣ್ಣೆಯಲ್ಲಿ ಸೇರಿದ್ದು ಮಾನೋಕ್ರೋಟೋಫಾಸ್ ಎಂಬ ಹೊಲಕ್ಕೆ ಹೊಡೆಯುವ ವಿಷ. ಅವತ್ತಿನಿಂದ ನಮ್ಮ ಶಾಲೆಯ ಅಡುಗೆಕೋಣೆಯ ಡಬ್ಬಗಳನ್ನು ಮೂಸಿ ನೋಡುವ ನಾನೇ ಮನೆಯಲ್ಲಿ ಹಳದಿ ತ್ರಿಕೋನದ ಬಾಟಲಿ ಇಟ್ಟುಕೊಂಡಿದ್ದೆ.

ಈಗ ಶೀಲದ ಪ್ರಶ್ನೆಗೆ ಬರೋಣ.

ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆಯಲ್ಲಿ ಒಂದು ಕಥೆ ಇದೆ. ಚಕ್ಖುಪಾಲ ಥೇರರಿಗೆ ಎರಡೂ ಕಣ್ಣು ಹೋಗಿತ್ತು. ಜೇತವನದಲ್ಲಿ ರಾತ್ರಿ ಮಳೆ ಬಿದ್ದು ನೆಲದ ಮೇಲೆ ಇಂದ್ರಗೋಪದ ಹುಳಗಳು ಎದ್ದಿದ್ದವು. ನಮ್ಮ ಹಳಗನ್ನಡದ ಕವಿಗಳಿಗೆ ಬಹಳ ಪ್ರಿಯವಾದ, ಮೊದಲ ಮಳೆಗೆ ಕಾಣುವ ಕೆಂಪು ಮಖಮಲ್ಲಿನಂಥ ಹುಳ ಅದು. ಥೇರರು ಕತ್ತಲಲ್ಲಿ ಚಂಕ್ರಮಣ ಮಾಡುವಾಗ ಅವರ ಕಾಲಡಿ ಎಷ್ಟೋ ಸತ್ತವು. ಬೆಳಗ್ಗೆ ಬಂದ ಭಿಕ್ಖುಗಳು ನೋಡಿ ಬುದ್ಧರಲ್ಲಿ ದೂರು ಹೇಳಿದರು. ಅವರು ಕೊಲ್ಲುವುದನ್ನು ನೀವು ಕಂಡಿರಾ ಎಂದು ಬುದ್ಧರು ಕೇಳಿದರು. ಇಲ್ಲ ಎಂದರು. ನೀವು ಹೇಗೆ ಅವರನ್ನು ಕಾಣಲಿಲ್ಲವೋ ಹಾಗೆ ಅವರೂ ಹುಳಗಳನ್ನು ಕಾಣಲಿಲ್ಲ, ಕೊಲ್ಲುವ ಚಿತ್ತ ಅವರಿಗಿರಲಿಲ್ಲ ಎಂಬುದು ಉತ್ತರ. (ಥೇರರ ಕಣ್ಣು ಹೋದದ್ದಕ್ಕೆ ಕಥೆ ಹಿಂದಿನ ಜನ್ಮದ ಕಾರಣವನ್ನೂ ಹೇಳುತ್ತದೆ. ಹಿಂದಿನ ಜನ್ಮದ ಕರ್ಮದ ಹೆಸರಿನಲ್ಲಿ ನಮ್ಮ ಹಿರಿಯರಿಗೆ ಏನೇನು ಮಾಡಿದರು ಎಂದು ಗೊತ್ತಿರುವ ನಾವು ಆ ಭಾಗವನ್ನು ಬಾಬಾಸಾಹೇಬರು ಇಟ್ಟ ಜಾಗದಲ್ಲೇ, ಆಚೆಗೇ, ಇಡೋಣ.)

ಅಟ್ಠಕಥೆಗಳು ಪಾಣಾತಿಪಾತಕ್ಕೆ ಐದು ಅಂಗಗಳನ್ನು ಹೇಳುತ್ತವೆ. ಜೀವಿ ಇರಬೇಕು, ಅದು ಜೀವಿ ಎಂಬ ಅರಿವಿರಬೇಕು, ಕೊಲ್ಲುವ ಚಿತ್ತವಿರಬೇಕು, ಪ್ರಯತ್ನವಿರಬೇಕು, ಅದರಿಂದ ಸಾವಾಗಬೇಕು. ನಾನು ಆ ರಾತ್ರಿ ಮಲಗಿ ಈ ಲೆಕ್ಕ ಹಾಕಿದೆ. ತಿಗಣೆಗಳ ವಿಷಯದಲ್ಲಿ ಐದಕ್ಕೆ ಐದೂ ಇದ್ದವು. ರೇಷ್ಮೆ ಹುಳಗಳ ವಿಷಯದಲ್ಲಿ ಚಿತ್ತವಿರಲಿಲ್ಲ. ಅಂದರೆ ಇನ್ನೂರು ತಿಗಣೆಗೆ ಶೀಲ ಮುರಿಯಿತು, ಇಪ್ಪತ್ತು ಸಾವಿರ ಹುಳಕ್ಕೆ ಮುರಿಯಲಿಲ್ಲ! ಲೆಕ್ಕ ಸರಿಯಾಗಿತ್ತು, ನಿದ್ದೆ ಬರಲಿಲ್ಲ. ಚಕ್ಖುಪಾಲರಿಗೆ ಕಣ್ಣಿರಲಿಲ್ಲ. ನನಗೆ ಎರಡೂ ಇವೆ, ಗೋಡೆಯ ಆಚೆ ಯಾರಿದ್ದಾರೆ ಎಂದು ಗೊತ್ತು, ಡಬ್ಬದ ಮೇಲಿನ ಬಣ್ಣ ಓದಲು ಗೊತ್ತು.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯನ್ನು ಚರ್ಚಿಸುವಾಗ ನಿಯಮ ಬೇರೆ, ತತ್ತ್ವ ಬೇರೆ ಎನ್ನುತ್ತಾರೆ. ನಿಯಮ ನಮ್ಮನ್ನು ಕಟ್ಟಿಹಾಕುತ್ತದೆ; ತತ್ತ್ವ ಯೋಚಿಸಿ ನಡೆಯುವ ಸ್ವಾತಂತ್ರ್ಯವನ್ನೂ ಅದರ ಹೊಣೆಯನ್ನೂ ನಮಗೇ ಬಿಡುತ್ತದೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದೂ ಅವರು ವಿಂಗಡಿಸುತ್ತಾರೆ. ಇನ್ನೊಂದನ್ನು ಗಮನಿಸಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಪಂಚಶೀಲದ ಕಳ್ಳತನ, ಸುಳ್ಳು, ವ್ಯಭಿಚಾರ, ಮದ್ಯ ಈ ನಾಲ್ಕು 14ರಿಂದ 17ರವರೆಗೆ 'ಮಾಡುವುದಿಲ್ಲ' ಎಂಬ ರೂಪದಲ್ಲಿ ಬರುತ್ತವೆ. ಆದರೆ ಮೊದಲ ಶೀಲದ ಜಾಗದಲ್ಲಿರುವ 13ನೆಯದು 'ಕೊಲ್ಲುವುದಿಲ್ಲ' ಎಂದಿಲ್ಲ. ಎಲ್ಲ ಜೀವಿಗಳ ಬಗ್ಗೆ ಕರುಣೆ ಇಟ್ಟು ಅವನ್ನು ಕಾಪಾಡುತ್ತೇನೆ ಎಂಬ ಅರ್ಥದ ಮಾತು ಅದು. ಕೊಲ್ಲದೆ ಸುಮ್ಮನಿದ್ದರೆ ಆ ಪ್ರತಿಜ್ಞೆ ಪೂರ್ತಿಯಾಗುವುದಿಲ್ಲ. ಕೈಯಲ್ಲಿ ಏನಿದೆ, ಅದು ಎಲ್ಲಿಗೆ ಹಾರುತ್ತದೆ ಎಂದು ನೋಡುವುದೂ ಅದರಲ್ಲಿ ಸೇರಿದೆ.

ಆ ತಿಗಣೆಗಳನ್ನು ಕೊಲ್ಲುವ ಅಗತ್ಯ ನನಗಿತ್ತೇ? ಇರಲಿಲ್ಲ. ಸೊಳ್ಳೆಯ ಮಾತು ಬೇರೆ. ಡೆಂಗಿ ಬಂದ ಮನೆಯವರಿಗೆ ನಾನು ಉಪದೇಶ ಮಾಡಲಾರೆ. ತಿಗಣೆಯಿಂದ ಆಗುವುದು ಅಸಹ್ಯ, ಅಷ್ಟೆ. ಅಸಹ್ಯ ಒಂದನ್ನೇ ಕಾರಣ ಮಾಡಿಕೊಂಡು ಕೈ ಎತ್ತುವ ಅಭ್ಯಾಸದ ಬಗ್ಗೆ ನಮ್ಮ ಕೇರಿಯವರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಭಾನುವಾರದ ಚರ್ಚೆಯಲ್ಲಿ ಒಬ್ಬ ತಮ್ಮ ಖಾರವಾಗಿ ಕೇಳಿದ: "ಹೆಂಗೂ ಆ ರೇಷ್ಮೆ ಹುಳನ ಬಿಸಿನೀರಿಗೆ ಹಾಕ್ತಿದ್ರಲ್ಲಕ್ಕ, ಅದಕ್ಯಾಕೆ ಇಷ್ಟು ದುಃಖ?" ಸರಿಯಾದ ಪ್ರಶ್ನೆ. ಗೂಡು ಬೇಯಿಸದೆ ನೂಲು ಬಿಚ್ಚುವುದಿಲ್ಲ, ದೊಡ್ಡಬಳ್ಳಾಪುರದ ಮಗ್ಗ ತಿರುಗುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಯ ಒಲೆ ಉರಿಯುವುದು ಅದರಿಂದಲೇ. ಅಗತ್ಯ ಎಂಬ ಮಾತನ್ನು ಎಲ್ಲಿಯವರೆಗೆ ಎಳೆಯಬಹುದು ಎಂದು ಅವನ ಜೊತೆ ನಾನೂ ಕೇಳುತ್ತಲೇ ಇದ್ದೇನೆ. ಅವನಿಗೆ ನಾನು ಹೇಳಿದ್ದು ಇಷ್ಟೆ: ಆ ಹುಳಗಳು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿದ್ದರೆ ಅಕ್ಕನ ಮಗಳ ಕಾಲೇಜು ಫೀಸು ಕಟ್ಟುತ್ತಿತ್ತು. ನನ್ನ ಕೈಯಲ್ಲಿ ಅವು ಸತ್ತದ್ದು ಯಾತಕ್ಕೂ ಅಲ್ಲ.

ನಾನು ಹಣ ಕೊಡಲು ಹೋದೆ. ಅಕ್ಕ ಮೊಟ್ಟೆಯ ದುಡ್ಡು, ಸೊಪ್ಪಿನ ದುಡ್ಡು ಲೆಕ್ಕ ಹಾಕಿ ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಟ್ಟರು. "ಗೂಡಿನ ದುಡ್ಡು ಬ್ಯಾಡ. ಬೆಳೆ ಆಗಿದ್ರೆ ತಾನೆ" ಎಂದರು. ಆಮೇಲೆ, "ಹುಳ ಒಳಗೆ ಬರದಂಗೆ ಮಾಡ್ಕಬೇಕು ಅಂದ್ರೆ ನಮ್ಮ ಹುಳದ ಮನೆ ನೋಡ್ಕಂಡು ಮಾಡ್ಸಿ" ಎಂದು ಒಳಗೆ ಹೋದರು.

ಅಷ್ಟು ವರ್ಷ ಪಕ್ಕದಲ್ಲಿದ್ದರೂ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಹುಳದೊಳಗೆ ಕೊರೆದು ಹೋಗಿ ಕೊಂದು ಹೊರಬರುತ್ತದೆ. ಹಾಗೆಂದು ಹುಳದ ಮನೆಯೊಳಗೆ ವಿಷ ಹೊಡೆಯುವಂತಿಲ್ಲ. ನೊಣಕ್ಕಿಂತ ಮೊದಲು ಹುಳ ಸಾಯುತ್ತದೆ. ಆದ್ದರಿಂದ ರೇಷ್ಮೆ ಸಾಕುವವರು ತಡೆಯುವುದನ್ನು ಕಲಿತರು. ಕಿಟಕಿ, ಗವಾಕ್ಷಿಗೆಲ್ಲ ನೈಲಾನ್ ಜಾಲರಿ. ಬಾಗಿಲಿಗೂ ಜಾಲರಿ, ಅದರ ಮುಂದೆ ಒಂದು ಸಣ್ಣ ಅಡ್ಡಕೋಣೆ. ಒಂದು ಬಾಗಿಲು ಹಾಕಿಕೊಂಡು ಇನ್ನೊಂದು ತೆಗೆಯಬೇಕು. ಗೋಡೆ ಬಿರುಕಿಗೆ ಸಿಮೆಂಟು.

ಮನೆಗೆ ಅಡ್ಡಕೋಣೆ ಬೇಕಿಲ್ಲ. ನಾನು ಮಾಡಿಸಿದ್ದು ಇಷ್ಟು. ಹಿಂದಿನ ಬಾಗಿಲ ಕೆಳಗೆ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ನೆಲಕ್ಕೆ ತಾಗುವಂತೆ ಮೊಳೆ ಹೊಡೆಸಿದೆ. ಹತ್ತು ರೂಪಾಯಿಯ ಮೊಳೆ, ಅರ್ಧ ಗಂಟೆ ಕೆಲಸ. ಒಳಗೆ ಬರುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ನಿಂತಿತು. ಬಚ್ಚಲಿನ ನೀರು ಹೋಗುವ ಕಿಂಡಿಗೆ ಜಾಲರಿ, ನಲ್ಲಿ ಪೈಪು ಗೋಡೆ ತೂರುವಲ್ಲಿ ಸಿಮೆಂಟು. ಅಗ್ನಿಬಳ್ಳಿಯನ್ನು ಪೂರ್ತಿ ಕಿತ್ತಿಲ್ಲ, ಮಕ್ಕಳಿಗೆ ಕಾಯಿ ಬೇಕು. ಗೋಡೆಯ ಪಕ್ಕದ್ದನ್ನು ಮಾತ್ರ ಕಾಯಿ ಒಣಗುವ ಮುಂಚೆ ಕತ್ತರಿಸಿ ದೂರದ ಬೇಲಿಯ ಮೇಲೆ ಉಳಿಸಿದ್ದೇನೆ. ಉದುರಿದ ಬೀಜ ಗುಡಿಸುತ್ತೇನೆ. ಇದು ಇದ್ದರೆ ಅದು ಇರುತ್ತದೆ ಎಂದು ಪಟಿಚ್ಚಸಮುಪ್ಪಾದ ಹೇಳಿಕೊಡುವಾಗ ನಾನು ಈಗ ಈ ಬೀಜವನ್ನೇ ಉದಾಹರಣೆ ಕೊಡುವುದು. ಒಳಗೆ ಬಂದ ಒಂದೆರಡನ್ನು ಹೊಸಕದೆ ಪೊರಕೆಯಲ್ಲಿ ಕಸದ ಮೊರಕ್ಕೆ ತಳ್ಳಿ ಆಚೆ ಬಿಡುವುದು. ಹೊಸಕಿದರೆ ವಾಸನೆ, ಕಲೆ ಎರಡೂ ನಮಗೇ.

ಕೆಲವರು ಸೋಪಿನ ನೀರು, ಅಂಟುವಾಳದ ನೀರು ಸಿಂಪಡಿಸಿ ಎಂದು ಹೇಳುತ್ತಾರೆ. ಪಕ್ಕದ ಮನೆಗೆ ಅದರಿಂದ ಅಪಾಯವಿಲ್ಲ, ನಿಜ. ಆದರೆ ಅದೂ ಹುಳವನ್ನು ಕೊಲ್ಲುತ್ತದೆ. ನೈಸರ್ಗಿಕ ಎಂಬ ಪದ ಹಾಕಿಕೊಂಡು ಶೀಲದಿಂದ ತಪ್ಪಿಸಿಕೊಳ್ಳುವುದು ಬೇಡ.

ಎಲ್ಲ ಹುಳಕ್ಕೂ ಕಾರಣ ಒಂದೇ ಅಲ್ಲ. ನಮ್ಮಲ್ಲಿ ಮೊದಲ ಮಳೆಯ ಸಂಜೆ ಬರುವ ಈಸಲು ಬೆಳಕಿಗೆ ಬರುತ್ತದೆ. ಒಂದು ಗಂಟೆ ದೀಪ ಆರಿಸಿ ಕೂತರೆ ಮುಗಿಯಿತು. ಕೇರಳದ ರಬ್ಬರ್ ಸೀಮೆಯಲ್ಲಿ ಬೇಸಿಗೆಯ ಮಳೆ ಬಿದ್ದೊಡನೆ ಮುಪ್ಲಿ ಎಂಬ ಕರೀ ಹುಳ ಲಕ್ಷಗಟ್ಟಲೆ ಮನೆಯ ಸೂರಿಗೆ ನುಗ್ಗಿ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಕೆಣಕಿದರೆ ಚರ್ಮ ಸುಡುವಂಥ ರಸ ಬಿಡುತ್ತದೆ. ಅವು ಬೆಳೆಯುವುದು ಉದುರಿದ ರಬ್ಬರ್ ಎಲೆ ತಿಂದು. ಮನುಷ್ಯ ಸಾಲಾಗಿ ನೆಟ್ಟ ಮರದ್ದೇ ಎಲೆ. ಅದರ ಮುಂದೆ ನಮ್ಮ ತಿಗಣೆ ಏನೂ ಅಲ್ಲ.

ತಡೆಯುವುದು ಶೀಲಕ್ಕೆ ವಿರುದ್ಧವೇ ಎಂದು ಕೇಳಿದವರೂ ಇದ್ದಾರೆ. ಭಿಕ್ಖುಗಳು ಚೀವರ ಉಡುವಾಗ ಮಾಡುವ ಪಚ್ಚವೇಕ್ಖಣವನ್ನು ನೆನಪಿಸಿಕೊಳ್ಳಿ. ಚಳಿ, ಬಿಸಿಲಿನ ಜೊತೆಗೆ ನೊಣ, ಸೊಳ್ಳೆ, ಹರಿಯುವ ಜೀವಿಗಳ ಸ್ಪರ್ಶ ತಡೆಯಲು ಎಂದು ಅದರಲ್ಲೇ ಇದೆ. ಸೊಳ್ಳೆಕಾಟ ಎಂದು ಭಿಕ್ಖುಗಳು ಹೇಳಿಕೊಂಡಾಗ ಸೊಳ್ಳೆಪರದೆಗೆ ಬುದ್ಧರು ಅನುಮತಿ ಕೊಟ್ಟದ್ದು ವಿನಯದಲ್ಲಿದೆ. ನೀರಿನಲ್ಲಿರುವ ಸಣ್ಣ ಜೀವಿಗಳು ಸಾಯದಿರಲಿ ಎಂದು ಸೋಸುವ ಬಟ್ಟೆ ಭಿಕ್ಖುವಿನ ಎಂಟು ಪರಿಕರಗಳಲ್ಲಿ ಒಂದು. ವರ್ಷಾವಾಸ ಶುರುವಾದದ್ದೂ, ಮಳೆಗಾಲದಲ್ಲಿ ತಿರುಗಾಡಿ ಹಸಿರು ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತಾರೆ ಎಂದು ಜನ ಆಕ್ಷೇಪಿಸಿದ ಮೇಲೆ. ಬಟ್ಟೆ, ಪರದೆ, ಒಂದು ಕಡೆ ನಿಲ್ಲುವುದು: ಎಲ್ಲವೂ ಅಕ್ಕನ ಜಾಲರಿಯ ಜಾತಿಯವೇ.

ಮಿನ್ನೆಸೋಟಾದ ತಂಗಿಗೆ ನನ್ನ ಉತ್ತರ: ಹೌದಮ್ಮ, ತಿಳಿದೂ ಬೇಕೆಂದೇ ಕೊಂದರೆ ಮುರಿಯುತ್ತದೆ. ಚಳಿಗಾಲಕ್ಕೆ ಮುಂಚೆಯೇ ಕಿಟಕಿ ಚೌಕಟ್ಟಿನ ಸಂದು ಮುಚ್ಚಿಸು, ಜಾಲರಿ ಹರಿದಿದ್ದರೆ ಬದಲಿಸು, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿಸು. ಒಳಗೆ ಬಂದದ್ದನ್ನು ಗುಡಿಸಿ ಆಚೆ ಬಿಡು. ನಿಮ್ಮಲ್ಲಿ ಹಿಮ ಬೀಳುವಾಗ ಆಚೆ ಬಿಟ್ಟರೆ ಸಾಯುತ್ತದಲ್ಲ ಎಂದು ನೀನು ಕೇಳುತ್ತೀಯ ಎಂದು ಗೊತ್ತು. ಕಾರು ನಿಲ್ಲಿಸುವ ಶೆಡ್ಡಿನ ಒಂದು ಮೂಲೆ ಕೊಡು. ವಸಂತಕ್ಕೆ ಅವೇ ಮರ ಹುಡುಕಿಕೊಂಡು ಹೋಗುತ್ತವೆ.

ಇವತ್ತು ಬೆಳಗ್ಗೆ ಹಿಂದಿನ ಗೋಡೆಗೆ ಈ ವರ್ಷದ ಮೊದಲ ಗುಂಪು ಬಂದಿದೆ. ಅಕ್ಕನ ಹುಳ ಮೊನ್ನೆ ನಾಲ್ಕನೇ ಜ್ವರ ಎದ್ದಿವೆ. ಗೋಡೆಯ ಮೇಲಿಂದ ಇಣುಕಿ, "ಟೀಚರಮ್ಮ, ಬಂದವೆ ನೋಡಿ" ಎಂದರು. ಆಮೇಲೆ ಪ್ರತಿ ಬೆಳೆಗೂ ಕೇಳುವಂತೆ, "ಏನೂ ಹೊಡಿಯಲ್ಲ ಅಲ್ವಾ?" ಎಂದರು. ನಾನು ಪೊರಕೆ ತೋರಿಸಿದೆ. ಸೊಪ್ಪನ್ನು ಮಾತ್ರ ಅವರು ಈಗಲೂ ಆ ಗೋಡೆಯ ಪಕ್ಕ ಇಡುವುದಿಲ್ಲ.

ಬಂಧುಗಳೇ, ಬರುವ ಭಾನುವಾರ ನಮ್ಮವರೊಬ್ಬರು ಜಾಲರಿಯ ಸುರುಳಿ ತರುತ್ತಿದ್ದಾರೆ. ಬೇಕಾದವರು ಕಿಟಕಿಯ ಉದ್ದ ಅಗಲ ಅಳೆದು ಶನಿವಾರದೊಳಗೆ ಗುಂಪಿಗೆ ಹಾಕಿ. ತೋಟದಿಂದ ತಂದ ಬಾಟಲಿ ಮನೆಯಲ್ಲಿದ್ದರೆ ಖಾಲಿ ಮಾಡಲು ಚರಂಡಿಗೆ ಸುರಿಯಬೇಡಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ಯಾವ ಬಣ್ಣದ ತ್ರಿಕೋನ ಎಂದು ನನಗೆ ತಿಳಿಸಿ. ತಂದ ತೋಟಕ್ಕೇ ವಾಪಸು ಕೊಡುವ ವ್ಯವಸ್ಥೆ ಮಾತಾಡೋಣ. ಸಂಜೆ 5ಕ್ಕೆ ವಂದನೆ.

ನಮೋ ಬುದ್ಧಾಯ. ಜೈಭೀಮ್.